ಚಿಲಿಕಾ: ತೆರೆದ ಅಳಿವೆ, ತೀರದ ಹಕ್ಕಿನ ಜಗಳ

ಒಡಿಶಾದ ಚಿಲಿಕಾ ಸರೋವರ ಚೇತರಿಸಿಕೊಂಡ ಕಥೆಯನ್ನು ಸಾಮಾನ್ಯವಾಗಿ 2000ದ ಸೆಪ್ಟೆಂಬರ್ 23ರಿಂದ ಶುರುಮಾಡುತ್ತಾರೆ. ಅಂದು ಸಿಪಾಕುಡ ಎಂಬಲ್ಲಿ ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವೆ ಇದ್ದ ಮರಳದಿಣ್ಣೆಯನ್ನು ಕಡಿದು ಹೊಸ ಅಳಿವೆ ತೆರೆದರು. ಉಪ್ಪುನೀರು ಒಳಗೆ ನುಗ್ಗಿತು, ಮೀನು ಬಂತು, ಸುಮಾರು ಎರಡು ವರ್ಷಗಳಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಇದಿಷ್ಟೂ ನಿಜ. ಆದರೆ ಅದಕ್ಕೂ ಹತ್ತು ವರ್ಷ ಮೊದಲು ದಡದ ಮೀನುಗಾರರು ಬೀದಿಗೆ ಇಳಿಯದೇ ಹೋಗಿದ್ದರೆ, ಅಳಿವೆ ತೆರೆಯುವ ಹೊತ್ತಿಗೆ ಆ ನೀರಿನಲ್ಲಿ ಎಲ್ಲರದೂ ಅನ್ನುವಂಥ ಭಾಗ ಎಷ್ಟು ಉಳಿದಿರುತ್ತಿತ್ತು? ಚಿಲಿಕಾದ ಇತಿಹಾಸ ಓದಿದಾಗಲೆಲ್ಲ ನನಗೆ ಮೊದಲು ಹೊಳೆಯುವ ಪ್ರಶ್ನೆ ಇದು. ಹಾಗಾಗಿ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಚಿಲಿಕಾ ಪುರಿ, ಖುರ್ದಾ, ಗಂಜಾಂ ಜಿಲ್ಲೆಗಳಿಗೆ ಹಬ್ಬಿಕೊಂಡಿದೆ. ಮಳೆಗಾಲದಲ್ಲಿ 1,165 ಚದರ ಕಿಲೊಮೀಟರ್‌ವರೆಗೆ ಹರಡಿ, ಬೇಸಿಗೆಯಲ್ಲಿ ಸುಮಾರು 900ಕ್ಕೆ ಇಳಿಯುತ್ತದೆ. ಉತ್ತರದಿಂದ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ, ಲೂನಾ, ಮಕರಾ ಸಿಹಿನೀರು ತಂದು ಸುರಿಯುತ್ತವೆ. ಪಶ್ಚಿಮದ ಗುಡ್ಡಗಳಿಂದ ಹತ್ತಾರು ಹಳ್ಳಗಳು ಇಳಿದು ಬರುತ್ತವೆ. ಪೂರ್ವಕ್ಕೆ ಉದ್ದನೆಯ ಮರಳದಿಣ್ಣೆ, ಅದರಾಚೆ ಕಡಲು. ಭರತದಲ್ಲಿ ಕಡಲ ನೀರು ಒಳಗೆ ಬರಬೇಕು, ಮಳೆಗಾಲದಲ್ಲಿ ನದಿಯ ನೀರು ಹೊರಗೆ ಹೋಗಬೇಕು. ಈ ಹೋಗಿ ಬರುವಿಕೆ ನಡೆದರೆ ಮಾತ್ರ ನೀರು ಸವಳಾಗಿ ಉಳಿಯುತ್ತದೆ. ಕಡಲಲ್ಲಿ ಹುಟ್ಟಿ ಹಿನ್ನೀರಿನಲ್ಲಿ ಬೆಳೆಯುವ ಸಿಗಡಿಗೂ, ಇಲ್ಲಿ ಬೆಳೆದು ಮೊಟ್ಟೆಯಿಡಲು ಕಡಲಿಗೆ ಹೋಗುವ ಖೈಂಗಾ ಮೀನಿಗೂ ಆ ಒಂದು ಬಾಯಿಯೇ ದಾರಿ. ಶರಾವತಿ, ಅಘನಾಶಿನಿಗಳ ಅಳಿವೆ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೀರಿನಲ್ಲಿ ಯಾರು ಎಲ್ಲಿ ಮೀನು ಹಿಡಿಯಬೇಕು ಎಂಬುದಕ್ಕೆ ಹಳೆಯ ಕಟ್ಟುಪಾಡಿತ್ತು. ಬಲೆ ಬೀಸುವ ಕೇವುಟರು, ಬಿದಿರಿನ ಬೋನು ಹೆಣೆಯುವ ತಿಯರರು, ಕಂಡರಾ ಮತ್ತಿತರ ಸಮುದಾಯಗಳು ತಂತಮ್ಮ ಜಾಗ, ಕಾಲ, ಸಲಕರಣೆಗಳನ್ನು ಹಂಚಿಕೊಂಡಿದ್ದವು. ಅದರಲ್ಲಿ 'ಜಾನೋ' ಎಂಬ ಪದ್ಧತಿ ಗಮನಿಸುವಂಥದು. ಮಳೆಗಾಲ ಮುಗಿದು ನೀರು ಇಳಿಯತೊಡಗಿದಾಗ ಊರಿನವರೆಲ್ಲ ಸೇರಿ ಆಳವಿಲ್ಲದ ಕಡೆ ಸೀಳಿದ ಬಿದಿರಿನ ತಡಿಕೆಗಳನ್ನು ಸಾಲಾಗಿ ಊರುತ್ತಿದ್ದರು. ತಡಿಕೆಯ ಕಡ್ಡಿಗಳ ನಡುವೆ ಸಂದು ಇರುತ್ತಿತ್ತು. ನೀರು ಆ ಸಂದಿನಲ್ಲಿ ಸರಾಗವಾಗಿ ಹರಿಯುತ್ತಿತ್ತು, ಮರಿಗಳೂ ನುಸುಳಿ ಹೋಗುತ್ತಿದ್ದವು. ಬೆಳೆದ ಮೀನು ಮಾತ್ರ ಒಳಗೆ ಉಳಿಯುತ್ತಿತ್ತು. ಚಳಿಗಾಲ ಪೂರ್ತಿ ಅದನ್ನು ಹಿಡಿದು, ಬಂದ ಹಣವನ್ನು ಊರೊಟ್ಟಿಗೆ ಹಂಚಿಕೊಳ್ಳುತ್ತಿದ್ದರು. ಜಮೀನ್ದಾರರ ಕಾಲದಲ್ಲಿ ಗುತ್ತಿಗೆ ಪರಿಕುಡ, ಖಲ್ಲಿಕೋಟೆಯಂಥ ಅರಮನೆಗಳಿಗೆ ಸಲ್ಲುತ್ತಿತ್ತು. ಜಮೀನ್ದಾರಿ ಹೋದ ಮೇಲೆ, 1959ರಿಂದ, ಮೀನುಗಾರರ ಸಹಕಾರ ಸಂಘಗಳು ಸರ್ಕಾರದಿಂದ ಗುತ್ತಿಗೆ ಪಡೆದು ತಮ್ಮ ಊರುಗಳಿಗೆ ಹಂಚತೊಡಗಿದವು. ಸಾಲ, ದಲ್ಲಾಳಿ, ಸಂಘದೊಳಗಿನ ರಾಜಕೀಯ ಎಲ್ಲವೂ ಇತ್ತು. ಆದರೂ ನೀರಿನ ಮೇಲಿನ ಹಕ್ಕು ನೀರನ್ನೇ ನಂಬಿದವರ ಕೈಯಲ್ಲಿತ್ತು.

ಇದನ್ನು ಬುಡಮೇಲು ಮಾಡಿದ್ದು ಸಿಗಡಿಯ ಬೆಲೆ. 1980ರ ದಶಕದಲ್ಲಿ ಜಪಾನ್, ಯುರೋಪ್, ಅಮೆರಿಕಗಳಿಗೆ ಹೋಗುವ ಸಿಗಡಿಗೆ ಬಂಗಾರದ ಬೆಲೆ ಬಂತು. ಅದುವರೆಗೆ ಮೀನುಗಾರಿಕೆಯನ್ನು ಕೀಳೆಂದು ದೂರ ಇಟ್ಟಿದ್ದ ದಡದ ಮೇಲ್ಜಾತಿಯವರು, ಪಟ್ಟಣದ ವ್ಯಾಪಾರಿಗಳು, ಅವರ ಹಿಂದೆ ರಾಜಕಾರಣಿಗಳು ನೀರಿಗಿಳಿದರು. ಅವರು ಕಟ್ಟಿದ್ದು ಗೇರಿ. ನೀರಿನ ನಡುವೆ ಬಿದಿರ ಗಳ ನೆಟ್ಟು, ಸುತ್ತಲೂ ನೈಲಾನ್ ಬಲೆ ಕಟ್ಟಿ, ಒಳಗೆ ಸಿಗಡಿ ಮರಿ ಬಿಟ್ಟು ಬೆಳೆಸುವ ಬೇಲಿ ಅದು. ಆ ಬಲೆಗೆ ಅಲ್ಲಿನವರು 'ಜೀರೊ ಬಲೆ' ಎನ್ನುತ್ತಾರೆ, ಕಣ್ಣುಗಳು ಅಷ್ಟು ಚಿಕ್ಕವು. ಮರಿ, ಮೊಟ್ಟೆ, ಪಾಚಿ, ಕೆಸರು ಎಲ್ಲವೂ ಅದಕ್ಕೆ ಅಂಟಿಕೊಳ್ಳುತ್ತವೆ. ಹರಿವು ನಿಧಾನವಾಗುತ್ತದೆ, ನಿಧಾನವಾದ ಕಡೆ ಹೂಳು ಕೂರುತ್ತದೆ. ಜಾನೋದ ತಡಿಕೆಯೂ ಗೇರಿಯ ಬಲೆಯೂ ದೂರದಿಂದ ನೋಡುವವರಿಗೆ ಒಂದೇ ಥರ ಬೇಲಿಗಳಾಗಿ ಕಂಡಾವು. ಆದರೆ ತಡಿಕೆಯ ಹಿಂದೆ ಒಂದು ಊರಿತ್ತು, ಬಲೆಯ ಹಿಂದೆ ಒಬ್ಬ ಮಾಲೀಕನಿದ್ದ.

ಸರ್ಕಾರವೂ ಈ ಭರಾಟೆಯಲ್ಲಿ ಸೇರಿಕೊಂಡಿತು. 1986ರಲ್ಲಿ ಟಾಟಾ ಸಮೂಹದೊಡನೆ ದೊಡ್ಡ ಸಿಗಡಿ ಸಾಕಣೆ ಯೋಜನೆಗೆ ಒಪ್ಪಂದವಾಯಿತು. ಸರೋವರದ ಅಂಚಿನ ಸುಮಾರು 600 ಹೆಕ್ಟೇರ್ ಪ್ರದೇಶಕ್ಕೆ ಒಡ್ಡು ಹಾಕಿ ಕೊಳಗಳನ್ನು ಮಾಡುವುದು ಯೋಜನೆಯ ಸಾರ. 1990ರಲ್ಲಿ ಬಿಜು ಪಟ್ನಾಯಕ್ ಮುಖ್ಯಮಂತ್ರಿಯಾದ ಮೇಲೂ ಅದು ನಿಲ್ಲಲಿಲ್ಲ. 1991ರ ಕೊನೆಗೆ ಬಂದ ಹೊಸ ಗುತ್ತಿಗೆ ನೀತಿ ನೀರನ್ನು 'ಹಿಡಿಯುವ' ಜಾಗ, 'ಸಾಕುವ' ಜಾಗ ಎಂದು ಎರಡಾಗಿ ಸೀಳಿತು. ಮೀನುಗಾರರಲ್ಲದವರೂ ಗುತ್ತಿಗೆದಾರರಾಗಲು ಕಾನೂನಿನ ಬಾಗಿಲು ತೆರೆದದ್ದು ಹೀಗೆ. ಗೇರಿ ಕಟ್ಟುವುದು ಅಲ್ಲಿಯವರೆಗೆ ದಬ್ಬಾಳಿಕೆಯಾಗಿತ್ತು, ಈಗ ಅದಕ್ಕೆ ನೀತಿಯ ಹೆಸರು ಸಿಕ್ಕಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಹಾನಿ ಮಾಡಿದ ಕಾಗದ ಇದೇ.

ದಡದ ಊರುಗಳು ಎದ್ದು ನಿಂತವು. ನೂರಕ್ಕೂ ಹೆಚ್ಚು ಹಳ್ಳಿಗಳ ಮೀನುಗಾರರ ಒಕ್ಕೂಟವಾದ ಚಿಲಿಕಾ ಮತ್ಸ್ಯಜೀವಿ ಮಹಾಸಂಘ ಮುಂದೆ ಬಂತು. ಭುವನೇಶ್ವರದ ಉತ್ಕಲ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಸಭೆ ನಡೆಸಿದರು. ಹಿರಿಯ ಸಮಾಜವಾದಿ, ಮಾಜಿ ಸಚಿವ ಬಂಕಾ ಬಿಹಾರಿ ದಾಸ್ ಜೊತೆಯಾದರು. ಇವೆಲ್ಲ ಸೇರಿ 'ಚಿಲಿಕಾ ಬಚಾವೊ ಆಂದೋಲನ'ವಾಯಿತು. ಓದಿದ ಒಡಿಯಾ ಜನ ಇಷ್ಟು ಬೇಗ ಮೀನುಗಾರರ ಬೆನ್ನಿಗೆ ನಿಂತದ್ದಕ್ಕೆ ಒಂದು ಹಿನ್ನೆಲೆಯಿದೆ. ರಾಧಾನಾಥ ರಾಯ್ ಹತ್ತೊಂಬತ್ತನೆಯ ಶತಮಾನದಲ್ಲೇ 'ಚಿಲಿಕಾ' ಎಂಬ ಕಾವ್ಯ ಬರೆದಿದ್ದರು. ಶಾಲೆಯಲ್ಲಿ ಅದನ್ನು ಓದಿ ಬೆಳೆದವರಿಗೆ ಆ ನೀರು ಒಂದು ಇಲಾಖೆಯ ಆಸ್ತಿಯಾಗಿ ಕಾಣುವುದು ಸಾಧ್ಯವಿರಲಿಲ್ಲ. ಆದರೆ ಭಾರ ಹೊತ್ತವರು ಹಳ್ಳಿಯವರು. 1991ರ ಸೆಪ್ಟೆಂಬರ್‌ನಲ್ಲಿ ಸಾವಿರಾರು ಮೀನುಗಾರರು ರಾಜಧಾನಿಗೆ ಬಂದು ವಿಧಾನಸಭೆಯ ಮುಂದೆ ಧರಣಿ ಕೂತರು. ಮುಂದಿನ ತಿಂಗಳುಗಳಲ್ಲಿ ಗಂಡಸರು, ಹೆಂಗಸರು ಸೇರಿ ಟಾಟಾ ಯೋಜನೆಯ ಒಡ್ಡನ್ನೇ ಒಡೆಯಲು ಹೊರಟರು. ಲಾಠಿ, ಬಂಧನ, ಮೊಕದ್ದಮೆ ಎಲ್ಲವನ್ನೂ ಉಂಡರು. ಪರಿಸರದ ಒಪ್ಪಿಗೆ ಬೇಕೆಂದು ಕೇಂದ್ರ ಸರ್ಕಾರ ಅಡ್ಡ ನಿಂತಾಗ ಯೋಜನೆಯ ಉಸಿರು ಕಟ್ಟಿತು. ಕೊನೆಗೆ ಕಂಪನಿ ಹಿಂದೆ ಸರಿಯಿತು.

ದೊಡ್ಡ ಕಂಪನಿಯನ್ನು ಓಡಿಸಿದ್ದು ದೊಡ್ಡ ಗೆಲುವು. ಚಿಕ್ಕ ಚಿಕ್ಕ ಗೇರಿಗಳು ಮಾತ್ರ ಕರಗಲಿಲ್ಲ. ಅವುಗಳ ಮಾಲೀಕರು ದೂರದ ಮುಂಬಯಿಯವರಲ್ಲ, ಪಕ್ಕದ ಊರಿನವರು, ಸ್ಥಳೀಯ ಠಾಣೆಯಲ್ಲಿ ಮಾತು ನಡೆಯುವವರು. ಒಡಿಶಾ ಹೈಕೋರ್ಟ್ 1993ರಲ್ಲಿ ಗುತ್ತಿಗೆಯ ವಿವಾದದ ಬಗ್ಗೆ ತೀರ್ಪು ನೀಡಿತು. ತಮಿಳುನಾಡಿನ ಸರ್ವೋದಯ ಕಾರ್ಯಕರ್ತ ಎಸ್. ಜಗನ್ನಾಥನ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 11ರಂದು ಇನ್ನೂ ಗಟ್ಟಿಯಾದ ಆದೇಶ ಕೊಟ್ಟಿತು. ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಪದ್ಧತಿಯ ಹೊರತು ಸಿಗಡಿ ಕೊಳ ಇರಕೂಡದು, ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳಿಂದ 1,000 ಮೀಟರ್ ಒಳಗೆ ಅಂಥ ಸಾಕಣೆ ಬೇಡವೇ ಬೇಡ ಎಂದಿತು. ನಮ್ಮ ಕುಮಟಾ, ಅಂಕೋಲಾ ಕಡೆಯ ಗಜನಿ ಗದ್ದೆಗಳೂ ಅದೇ ತೀರ್ಪಿನ ವ್ಯಾಪ್ತಿಗೆ ಬಂದವು. 2005ರಲ್ಲಿ ಸಂಸತ್ತು ಮಾಡಿದ ಜಲಕೃಷಿ ಕಾನೂನು ಅದರ ಬಹುಪಾಲು ಬಿಗಿಯನ್ನು ಸಡಿಲಿಸಿತು. ಚಿಲಿಕಾದಲ್ಲಿ ಅಷ್ಟು ಕಾಯಬೇಕಾಗಲೂ ಇಲ್ಲ. ತೀರ್ಪು ಬಂದ ಮೇಲೂ ಗೇರಿಗಳು ನೀರಿನಲ್ಲೇ ಇದ್ದವು.

ಕೋರ್ಟಿನ ಆದೇಶ ಜಾರಿಯಾಗದೆ ಎರಡೂವರೆ ವರ್ಷ ಕಳೆಯಿತು. 1999ರ ಮೇ 29ರಂದು ಮೀನುಗಾರರು ತಾವೇ ದೋಣಿ ಹತ್ತಿ ಹೋಗಿ ಹಲವು ಗೇರಿಗಳನ್ನು ಕಿತ್ತು ಹಾಕಿದರು. ಸರ್ಕಾರ ಮಾಡಬೇಕಾದ ಕೆಲಸವನ್ನು ಅವರು ಮಾಡಿದರು. ಆ ರಾತ್ರಿ ಸೊರನ ಎಂಬ ಹಳ್ಳಿಗೆ ಪೊಲೀಸರು ನುಗ್ಗಿದರು. ಗುಂಡು ಹಾರಿತು. ನಾಲ್ವರು ಸತ್ತರು, ಹಲವರು ಗಾಯಗೊಂಡರು. ಚಿಲಿಕಾದ ಬಗ್ಗೆ ಹೊಳಪಿನ ಕಾಗದದಲ್ಲಿ ಅಚ್ಚಾಗುವ ವರದಿಗಳಲ್ಲಿ ಡಾಲ್ಫಿನ್ ಇರುತ್ತದೆ, ಫ್ಲೆಮಿಂಗೊ ಇರುತ್ತದೆ, ಸೊರನ ಇರುವುದಿಲ್ಲ. ಸರೋವರದ ಆರೋಗ್ಯಕ್ಕಾಗಿ ಪ್ರಾಣ ತೆತ್ತವರು ಇದ್ದಾರೆಂಬುದನ್ನು ಬಿಟ್ಟು ಅದರ ಪುನರುಜ್ಜೀವನದ ಇತಿಹಾಸ ಬರೆಯುವುದು ಅನ್ಯಾಯ.

ಈ ಜಗಳ ನಡೆಯುತ್ತಿದ್ದಷ್ಟೂ ಕಾಲ ಸರೋವರ ಒಳಗಿನಿಂದಲೂ ಸಾಯುತ್ತಿತ್ತು. ಒಡಿಶಾ ತೀರದಲ್ಲಿ ಅಲೆಗಳು ವರ್ಷಕ್ಕೆ ಸುಮಾರು ಹತ್ತು ಲಕ್ಷ ಘನ ಮೀಟರ್ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತವೆ. ಅದರ ಹೊಡೆತಕ್ಕೆ ಚಿಲಿಕಾದ ಅಳಿವೆ ಉತ್ತರಕ್ಕೆ ಸರಿಯುತ್ತ ಸರಿಯುತ್ತ ಅರಖಕುಡದ ಬಳಿಗೆ ಹೋಗಿತ್ತು. ಸರೋವರಕ್ಕೂ ಅಳಿವೆಗೂ ನಡುವೆ 24 ಕಿಲೊಮೀಟರ್ ಉದ್ದದ, ಹೂಳು ತುಂಬಿದ ಕಾಲುವೆ ಉಳಿದಿತ್ತು. ಭರತದ ನೀರು ಅಷ್ಟು ದೂರ ಬರುವುದರೊಳಗೆ ಸೋತುಹೋಗುತ್ತಿತ್ತು. ಮೇಲಿನಿಂದ ನದಿಗಳು ವರ್ಷವರ್ಷವೂ ಲಕ್ಷಾಂತರ ಟನ್ ಹೂಳು ತಂದು ಹಾಕುತ್ತಿದ್ದವು. ಉಪ್ಪು ಇಳಿಯಿತು. ಸಿಹಿನೀರಿನ ಜೊಂಡು, ಅಂತರಗಂಗೆ ಹಬ್ಬಿದವು. 1972ರಲ್ಲಿ ಸುಮಾರು 20 ಚದರ ಕಿಲೊಮೀಟರ್ ಇದ್ದ ಕಳೆ 2000ದ ಹೊತ್ತಿಗೆ 400 ಚದರ ಕಿಲೊಮೀಟರ್ ದಾಟಿತ್ತು. ಮೀನಿನ ಲೆಕ್ಕ ಇನ್ನೂ ಕಠೋರ. 1980ರ ದಶಕದ ನಡುವೆ ವರ್ಷಕ್ಕೆ 8,000 ಟನ್ ಮೀರಿದ್ದ ಇಳುವರಿ 1995-96ರಲ್ಲಿ 1,300 ಟನ್‌ಗಿಂತ ಕೆಳಗಿಳಿಯಿತು. ಇರುವ ನೀರಿಗೆ ಅಷ್ಟು ರೋಷದ ಜಗಳ ಏಕೆ ನಡೆಯಿತು ಎಂಬುದಕ್ಕೆ ಈ ಸಂಖ್ಯೆಯಲ್ಲೂ ಅರ್ಧ ಉತ್ತರವಿದೆ.

1981ರ ಅಕ್ಟೋಬರ್ 1ರಂದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿ ಭಾರತದ ಮೊದಲ ಎರಡು ರಾಮ್ಸಾರ್ ತಾಣಗಳಲ್ಲಿ ಒಂದಾಗಿದ್ದ ಚಿಲಿಕಾ 1993ರಲ್ಲಿ ಮಾಂಟ್ರೂ ದಾಖಲೆ ಎಂಬ ಅಪಾಯದ ಪಟ್ಟಿಗೆ ಸೇರಿತು. ಅಷ್ಟರಲ್ಲಿ ರಾಜ್ಯ ಸರ್ಕಾರ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಸ್ಥಾಪಿಸಿತ್ತು. ಗುತ್ತಿಗೆ ನೀತಿ ಬಂದದ್ದೂ, ಪ್ರಾಧಿಕಾರ ಹುಟ್ಟಿದ್ದೂ ಒಂದೇ ವರ್ಷ, 1991. ಮೊದಲ ಕೆಲವು ವರ್ಷ ಪ್ರಾಧಿಕಾರ ಹೆಸರಿಗಷ್ಟೇ ಇತ್ತು. ದಶಕದ ಕೊನೆಗೆ ಅರಣ್ಯ ಸೇವೆಯ ಅಧಿಕಾರಿ ಅಜಿತ್ ಪಟ್ನಾಯಕ್ ಅದರ ಹೊಣೆ ಹೊತ್ತ ಮೇಲೆ ಕೆಲಸಕ್ಕೆ ವೇಗ ಬಂತು. ಪುಣೆಯ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗಳ ಅಧ್ಯಯನಗಳು ಎಲ್ಲಿ ಕಡಿದರೆ ಬಾಯಿ ಉಳಿದೀತು ಎಂಬ ಲೆಕ್ಕ ಹಾಕಿದವು. ದಡದ ಊರುಗಳಲ್ಲೂ ಸಮಾಲೋಚನೆ ನಡೆಯಿತು. ಅಳಿವೆ ದೂರ ಸರಿಯುತ್ತಿರುವುದು ಮೀನುಗಾರರಿಗೆ ಹೊಸ ಸುದ್ದಿಯಾಗಿರಲಿಲ್ಲ, ಅವರ ದೋಣಿಗಳು ಪ್ರತಿವರ್ಷ ಅದೇ ಕಾಲುವೆಯ ಮರಳಿಗೆ ಸಿಕ್ಕಿಕೊಳ್ಳುತ್ತಿದ್ದವು.

ಹೀಗೆ ಸಿಪಾಕುಡದಲ್ಲಿ ದಿಣ್ಣೆ ಕಡಿದರು. ಕಡಲಿಗೆ ಹೋಗುವ ದಾರಿ 18 ಕಿಲೊಮೀಟರ್ ಕಡಿಮೆಯಾಯಿತು. ಆಮೇಲೆ ಆದದ್ದು ಅದನ್ನು ಯೋಜಿಸಿದವರ ನಿರೀಕ್ಷೆಗೂ ಮೀರಿದ್ದು. 1999-2000ದಲ್ಲಿ 1,746 ಟನ್ ಇದ್ದ ಮೀನಿನ ಇಳುವರಿ ಮರುವರ್ಷ 4,983 ಟನ್, ಅದರ ಮರುವರ್ಷ 11,989 ಟನ್ ಆಯಿತು. ಉಪ್ಪು ತಗುಲಿದ ಕಡೆಯೆಲ್ಲ ಸಿಹಿನೀರಿನ ಕಳೆ ಕೊಳೆಯಿತು, ಕಡಲ ಹುಲ್ಲಿನ ಹಾಸು ಮತ್ತೆ ಚಿಗುರಿತು. ಏಡಿ, ಸಿಗಡಿಗಳ ಸಂತತಿ ಹೆಚ್ಚಿತು. ಮಹಾನದಿಯ ನರಾಜ್ ಬ್ಯಾರೇಜಿನಿಂದ ಚಿಲಿಕಾಕ್ಕೆ ಎಷ್ಟು ನೀರು ಯಾವಾಗ ಬಿಡಬೇಕೆಂಬ ಅಧ್ಯಯನ ನಡೆಯಿತು. ಪಶ್ಚಿಮದ ಜಲಾನಯನದ ಹಳ್ಳಿಗಳಲ್ಲಿ ಊರವರ ಸಮಿತಿಗಳೇ ಒಡ್ಡು ಕಟ್ಟಿ, ಗಿಡ ನೆಟ್ಟು ಹೂಳು ತಡೆಯುವ ಕೆಲಸಕ್ಕೆ ಇಳಿದವು. 2002ರ ನವೆಂಬರ್‌ನಲ್ಲಿ ಚಿಲಿಕಾ ಮಾಂಟ್ರೂ ದಾಖಲೆಯಿಂದ ಹೊರಬಂತು, ಅದೇ ವರ್ಷ ಪ್ರಾಧಿಕಾರಕ್ಕೆ ರಾಮ್ಸಾರ್ ಪ್ರಶಸ್ತಿ ಸಂದಿತು. ಏಷ್ಯಾದ ಯಾವ ತಾಣವೂ ಅದಕ್ಕೆ ಮೊದಲು ಆ ಪಟ್ಟಿಯಿಂದ ಪಾರಾಗಿರಲಿಲ್ಲ. ಭರತಪುರದ ಕೇವಲಾದೇವ ಮತ್ತು ಮಣಿಪುರದ ಲೋಕ್ತಕ್ ಇವತ್ತಿಗೂ ಅದರಲ್ಲೇ ಇವೆ.

ಸರೋವರದ ಉತ್ತರ ಅಂಚಿನ ಮಂಗಳಾಜೋಡಿಯ ಬದಲಾವಣೆ ಇನ್ನೊಂದು ಬಗೆಯದು. ಚಳಿಗಾಲದಲ್ಲಿ ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಬರುವ ಬಾತುಕೋಳಿ, ಗಾಡ್‌ವಿಟ್‌ಗಳನ್ನು ಆ ಊರಿನ ಬೇಟೆಗಾರರು ವಿಷವಿಟ್ಟು, ಬಲೆ ಹಾಕಿ, ಬಂದೂಕಿನಿಂದ ಹೊಡೆದು ಮಾರುತ್ತಿದ್ದರು. 1990ರ ದಶಕದ ಕೊನೆಗೆ ಅಲ್ಲಿಗೆ ಬರುವ ಹಕ್ಕಿಗಳು ಕೆಲವೇ ಸಾವಿರಕ್ಕೆ ಇಳಿದಿದ್ದವು. 'ವೈಲ್ಡ್ ಒರಿಸ್ಸಾ' ಎಂಬ ಸಂಸ್ಥೆಯವರು ಊರಿಗೆ ಹೋಗಿ ಕೂತು ಮಾತಾಡಿದರು. 2000ದ ಹೊತ್ತಿಗೆ ಬೇಟೆ ಬಿಟ್ಟವರೇ ಸೇರಿ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಕಟ್ಟಿಕೊಂಡರು. ಯಾವ ಹಕ್ಕಿ ಯಾವ ಹೊತ್ತಿಗೆ ಯಾವ ಜೊಂಡಿನಲ್ಲಿ ಕೂರುತ್ತದೆ ಎಂಬ ಬೇಟೆಗಾರನ ಅರಿವೇ ಕಾವಲುಗಾರನ ಬಂಡವಾಳವಾಯಿತು. ಚಳಿಗಾಲದ ಹಕ್ಕಿಗಳ ಸಂಖ್ಯೆ ಲಕ್ಷ ದಾಟಿತು. ಇಂದು ಅದೇ ಜನ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಗಳ ಊರುತ್ತ ಹಕ್ಕಿ ತೋರಿಸುತ್ತಾರೆ. ಚಿಲಿಕಾದ ಉಳಿದ ಹೋರಾಟಗಳಿಗೆ ಇದನ್ನು ಹೋಲಿಸಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮಂಗಳಾಜೋಡಿಯಲ್ಲಿ ಹಕ್ಕಿ ಉಳಿದರೆ ಲಾಭ ಆ ಊರಿಗೇ ಬರುತ್ತದೆ, ನಡುವೆ ಕಿತ್ತುಕೊಳ್ಳುವವರು ಕಡಿಮೆ.

ಸರೋವರದ ಮಧ್ಯಭಾಗದ ಕಥೆ ಅಷ್ಟು ಸಲೀಸಲ್ಲ, ವಿದ್ವಾಂಸರ ಭಿನ್ನಾಭಿಪ್ರಾಯ ಇರುವುದೂ ಇಲ್ಲೇ. ಜಲವಿಜ್ಞಾನದ ಕಡೆಯಿಂದ ನೋಡುವವರಿಗೆ ಚಿಲಿಕಾ ಒಂದು ಯಶಸ್ಸು: ಉಪ್ಪು ಮರಳಿತು, ಮೀನು ಮರಳಿತು, ಇರವಾಡಿ ಡಾಲ್ಫಿನ್ ಉಳಿದವು. ಪ್ರತೀಪ್ ನಾಯಕ್, ಫಿಕ್ರೆತ್ ಬರ್ಕಸ್ ಮೊದಲಾದ ಸಾಮೂಹಿಕ ಸಂಪತ್ತಿನ ಅಧ್ಯಯನಕಾರರು ಬೇರೆ ಕಡೆಯಿಂದ ಕೇಳುತ್ತಾರೆ. ಮೀನು ಮರಳಿ ಬಂದದ್ದು ಯಾರ ಬಲೆಗೆ? ಗೇರಿಗಳು ಹಾಗೇ ಉಳಿದಿರುವಾಗ ಹೆಚ್ಚಿದ ಸಿಗಡಿ ಗೇರಿಯವರನ್ನೇ ಇನ್ನಷ್ಟು ಬಲಪಡಿಸಿತು, ಸಹಕಾರ ಸಂಘಗಳು ಸಾಲದಲ್ಲಿ ಮುಳುಗಿ ಕಾಗದದ ಗುತ್ತಿಗೆದಾರರಾದವು, ಎಷ್ಟೋ ಮೀನುಗಾರ ಯುವಕರು ಕೂಲಿಗಾಗಿ ಹೊರರಾಜ್ಯಗಳಿಗೆ ಹೋದರು ಎಂಬುದು ಅವರ ವಾದ. ಹೊಸ ಬಾಯಿಯಿಂದ ಮರಳು ಒಳಗೆ ಬಂದು ಮೀನಿನ ಜಾಗ ಕೆಟ್ಟಿತೆಂದು ಹೇಳುವ ಮೀನುಗಾರರೂ ಇದ್ದಾರೆ. ನನಗೆ ಈ ಎರಡೂ ವಾದಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಅಗತ್ಯ ಕಾಣುವುದಿಲ್ಲ. 11,989 ಟನ್ ಎಂಬ ಅಂಕಿ ನಿಜ. ಅದು ಯಾರ ಮನೆಯ ಒಲೆಗೆ ಎಷ್ಟು ಹೋಯಿತು ಎಂದು ಆ ಅಂಕಿ ಹೇಳುವುದಿಲ್ಲ. ಅಳಿವೆ ತೆರೆಯಲು ತೋರಿದ ಶ್ರದ್ಧೆಯ ಕಾಲುಭಾಗವನ್ನಾದರೂ ಹಕ್ಕನ್ನು ಸರಿಪಡಿಸಲು ಸರ್ಕಾರ ತೋರಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಆ ಪ್ರಯತ್ನ ನಡೆಯಲೇ ಇಲ್ಲ ಎಂದಲ್ಲ. 2002ರಲ್ಲಿ ಚಿಲಿಕಾದ ಮೀನುಗಾರಿಕೆಯನ್ನು ನಿಯಂತ್ರಿಸುವ ಮಸೂದೆಯೊಂದು ಬಂತು. ಸಾಂಪ್ರದಾಯಿಕ ಮೀನುಗಾರರಿಗೆ 70, ಇತರರಿಗೆ 30 ಎಂಬ ಪಾಲು ಅದರಲ್ಲಿತ್ತು. ಶತಮಾನಗಳಿಂದ ತಮ್ಮದಾಗಿದ್ದುದರಲ್ಲಿ ಮೂವತ್ತು ಪಾಲನ್ನು ಕಾನೂನೇ ಕಿತ್ತುಕೊಡುತ್ತಿದೆ ಎಂದು ಮೀನುಗಾರರು ವಿರೋಧಿಸಿದರು, ಮೂವತ್ತು ಸಾಲದೆಂದು ಇತರರು ವಿರೋಧಿಸಿದರು. ಮಸೂದೆ ಕಾನೂನಾಗಲಿಲ್ಲ. ಗೇರಿಗಳ ವಿಚಾರ ಮತ್ತೆ ಮತ್ತೆ ಹೈಕೋರ್ಟಿನ ಮೆಟ್ಟಿಲೇರಿತು. ಆದೇಶ ಬಂದಾಗ ಪೊಲೀಸರೂ ಅಧಿಕಾರಿಗಳೂ ಯಂತ್ರದ ದೋಣಿಗಳಲ್ಲಿ ಹೋಗಿ ಗಳಗಳನ್ನು ಕೀಳುತ್ತಾರೆ, ಬಲೆಗಳನ್ನು ರಾಶಿ ಹಾಕಿ ಸುಡುತ್ತಾರೆ. ಸಿಗಡಿ ಮರಿ ಬಿಡುವ ಕಾಲ ಬಂದಾಗ ಗಳಗಳು ಮತ್ತೆ ನೀರಿನಲ್ಲಿ ಏಳುತ್ತವೆ. ಸೊರನದ ಗುಂಡಿಗೆ ಕಾರಣವಾದ ಬೇಲಿಯನ್ನು ಕಾಲು ಶತಮಾನ ಕಳೆದರೂ ಪೂರ್ತಿ ತೆಗೆಯಲಾಗಿಲ್ಲ.

ಕಡಲು ಮಾತ್ರ ತನ್ನ ಕೆಲಸ ಬಿಟ್ಟಿಲ್ಲ. ಸಿಪಾಕುಡದ ಬಾಯಿಯೂ ಹಳೆಯದರಂತೆ ಉತ್ತರಕ್ಕೆ ಸರಿಯಿತು. 2008ರಲ್ಲಿ ಗಬಕುಂಡದ ಬಳಿ ಇನ್ನೊಂದು ಬಾಯಿ ತಾನಾಗಿ ತೆರೆಯಿತು. 2019ರ ಮೇ 3ರಂದು ಅಪ್ಪಳಿಸಿದ ಫನಿ ಚಂಡಮಾರುತ ದಿಣ್ಣೆಯನ್ನು ಸೀಳಿ ಮತ್ತಷ್ಟು ಬಾಯಿಗಳನ್ನು ಮಾಡಿತು. ಉಪ್ಪು ಅತಿಯಾದರೂ ಚಿಲಿಕಾಕ್ಕೆ ಒಳ್ಳೆಯದಲ್ಲ, ಹಾಗಾಗಿ ಪ್ರಾಧಿಕಾರ ಈಗ ಅಳಿವೆಗಳನ್ನೂ ಉಪ್ಪಿನ ಪ್ರಮಾಣವನ್ನೂ ಬಿಡದೆ ಅಳೆಯುತ್ತಲೇ ಇರುತ್ತದೆ. ಗೇರಿಗಳನ್ನು ಪೂರ್ತಿ ತೆಗೆಸಿ, ಗುತ್ತಿಗೆಯನ್ನು ಮೀನುಗಾರರ ಸಂಘಗಳಿಗಷ್ಟೇ ಕೊಡಿ ಎಂಬ ಮಹಾಸಂಘದ ಬೇಡಿಕೆ 1991ರಲ್ಲಿ ಭುವನೇಶ್ವರಕ್ಕೆ ಬಂದಾಗ ಹೇಗಿತ್ತೋ ಈಗಲೂ ಸರ್ಕಾರದ ಮುಂದೆ ಹಾಗೆಯೇ ಇದೆ.